ಮದ್ದುಗುಂಡು ಮರುತುಂಬಿಕೆ ಮತ್ತು ಸಾಕುಬೆಕ್ಕು

ಮದ್ದುಗುಂಡು ಮರುತುಂಬಿಕೆ ಎಂದರೆ ಒಮ್ಮೆ ಹಾರಿಸಿದ ಕಾಡತೂಸಿನ ಖಾಲಿ ಕವಚವನ್ನು ಶುಚಿಗೊಳಿಸಿ, ಅದಕ್ಕೆ ಹೊಸ ಪ್ರೈಮರ್, ಹೊಸ ಮದ್ದು ಮತ್ತು ಹೊಸ ಗುಂಡನ್ನು ಅಳವಡಿಸಿ ಮರುಬಳಕೆಗೆ ಸಿದ್ಧಪಡಿಸುವ ಕೆಲಸ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಗುರಿಕಾರರು ಮತ್ತು ಬೇಟೆಗಾರರು ಇದನ್ನು ಮನೆಯಲ್ಲಿಯೇ ನಡೆಸುವ ಹವ್ಯಾಸವಾಗಿ ಬಹುಕಾಲದಿಂದ ರೂಢಿಸಿಕೊಂಡಿದ್ದಾರೆ. ಮನೆಯ ನೆಲಮಾಳಿಗೆ, ಕಾರು ನಿಲ್ಲಿಸುವ ಕೋಣೆ ಅಥವಾ ಬಿಡುವಾಗಿರುವ ಒಂದು ಕೊಠಡಿ ಇದಕ್ಕೆ ಬಳಕೆಯಾಗುತ್ತದೆ. ಅಂಥ ಮನೆಗಳಲ್ಲಿ ಬೆಕ್ಕು ಇದ್ದರೆ ಅದು ಮರುತುಂಬಿಕೆಯ ಮೇಜಿಗೆ ಏರುವುದು, ಸಾಮಗ್ರಿಗಳನ್ನು ಉರುಳಿಸುವುದು, ಕೆಲಸ ಮಾಡುವವರ ಗಮನವನ್ನು ತಪ್ಪಿಸುವುದು ಸಾಮಾನ್ಯ.

ಬೆಕ್ಕಿನ ಇಂಥ ಚೇಷ್ಟೆಯಿಂದ ಸ್ಥಳದಲ್ಲಿಯೇ ಸ್ಫೋಟ ಉಂಟಾಗುವ ಸಂಭವ ಕಡಿಮೆ. ನಿಜವಾದ ಅಪಾಯಗಳು ಎರಡು. ಮೊದಲನೆಯದು, ಗಮನ ತಪ್ಪಿದ ಕ್ಷಣದಲ್ಲಿ ಕಾಡತೂಸಿನ ಮದ್ದಿನ ಪ್ರಮಾಣ ಹೆಚ್ಚುಕಡಿಮೆಯಾಗಿ, ಆ ದೋಷ ಹಲವು ದಿನಗಳ ಬಳಿಕ ಗುಂಡು ಹಾರಿಸುವಾಗ ಪ್ರಕಟವಾಗುವುದು. ಎರಡನೆಯದು, ಮೇಜಿನ ಮೇಲಿನ ಸೀಸದ ಧೂಳು ಬೆಕ್ಕಿನ ಮೈಗೆ ಅಂಟಿ ಅದರ ಹೊಟ್ಟೆಯನ್ನೂ, ಬಳಿಕ ಮನೆಯವರನ್ನೂ ಸೇರುವುದು.

ಹಿನ್ನೆಲೆ

ಆಧುನಿಕ ಕಾಡತೂಸಿನಲ್ಲಿ ನಾಲ್ಕು ಭಾಗಗಳಿವೆ: ಹಿತ್ತಾಳೆಯ ಕವಚ, ಕವಚದ ಬುಡದಲ್ಲಿ ಕೂಡಿಸಿದ ಪ್ರೈಮರ್ ಎಂಬ ಪುಟ್ಟ ಬಟ್ಟಲು, ಒಳಗಿನ ಹೊಗೆರಹಿತ ಮದ್ದು ಮತ್ತು ತುದಿಯಲ್ಲಿರುವ ಗುಂಡು. ಕೋವಿಯ ಸೂಜಿ ಬಡಿದಾಗ ಪ್ರೈಮರ್ ಕಿಡಿಯಾಗಿ ಮದ್ದನ್ನು ಹೊತ್ತಿಸುತ್ತದೆ. ಮದ್ದು ಉರಿದು ಹುಟ್ಟಿದ ಅನಿಲದ ಒತ್ತಡ ಗುಂಡನ್ನು ನಳಿಗೆಯ ಮೂಲಕ ಮುಂದಕ್ಕೆ ತಳ್ಳುತ್ತದೆ. ಈ ನಾಲ್ಕರಲ್ಲಿ ಮರಳಿ ಉಪಯೋಗಕ್ಕೆ ಬರುವುದು ಕವಚ ಮಾತ್ರ. ಕವಚಕ್ಕೆ ಬಳಸುವ ಹಿತ್ತಾಳೆಯಲ್ಲಿ ಸುಮಾರು 70 ಭಾಗ ತಾಮ್ರ, 30 ಭಾಗ ಸತು ಇರುತ್ತದೆ. ಹಾರಿಸಿದಾಗ ಹಿಗ್ಗಿದ ಇದನ್ನು ಅಚ್ಚಿನಲ್ಲಿ ಒತ್ತಿ ಮತ್ತೆ ಮೊದಲಿನ ಅಳತೆಗೆ ತರಬಹುದು.

ಹೊಗೆರಹಿತ ಮದ್ದನ್ನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಪಾಲ್ ವಿಯೆಯ್ 1884ರಲ್ಲಿ ರೂಪಿಸಿದನು. ಅದೇ ವರ್ಷ ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಜಾನ್ ಬಾರ್ಲೋ ಸ್ಥಾಪಿಸಿದ ಐಡಿಯಲ್ ಸಂಸ್ಥೆಯು ಕೈಯಲ್ಲಿ ಹಿಡಿದು ಬಳಸುವ ಮರುತುಂಬಿಕೆಯ ಉಪಕರಣಗಳನ್ನು ಮಾರುಕಟ್ಟೆಗೆ ತಂದಿತು. ಈ ಸಂಸ್ಥೆಯನ್ನು 1925ರಲ್ಲಿ ಲೈಮನ್ ಸಂಸ್ಥೆ ಕೊಂಡುಕೊಂಡಿತು. ಕ್ಯಾಲಿಫೋರ್ನಿಯಾದಲ್ಲಿ ಫ್ರೆಡ್ ಹಂಟಿಂಗ್ಟನ್ 1943ರಲ್ಲಿ ಆರ್‌ಸಿಬಿಎಸ್ ಸಂಸ್ಥೆಯನ್ನು ಆರಂಭಿಸಿದನು. ವಿಸ್ಕಾನ್ಸಿನ್‌ನ ರಿಚರ್ಡ್ ಲೀ 1958ರಲ್ಲಿ ಕಡಿಮೆ ಬೆಲೆಯ ಉಪಕರಣವೊಂದನ್ನು ಹೊರತಂದನು. ಹೀಗೆ ಇಪ್ಪತ್ತನೆಯ ಶತಮಾನದ ನಡುಭಾಗದ ಹೊತ್ತಿಗೆ ಈ ಕೆಲಸ ಸಾಮಾನ್ಯ ಮನೆಗಳ ಒಳಗೂ ಬಂದಿತು. ಕಾಡತೂಸುಗಳ ಅಳತೆ ಮತ್ತು ಒತ್ತಡದ ಮಿತಿಗಳನ್ನು ಗೊತ್ತುಪಡಿಸುವ ಸಾಮಿ ಎಂಬ ತಯಾರಕರ ಸಂಸ್ಥೆ ಅಮೆರಿಕದಲ್ಲಿ 1926ರಿಂದ ಇದೆ.

ಮರುತುಂಬಿಕೆಯ ಹಂತಗಳು

ಮೊದಲು ಖಾಲಿ ಕವಚಗಳನ್ನು ಪರೀಕ್ಷಿಸಿ, ಬಿರುಕು ಬಿಟ್ಟವನ್ನು ಬೇರ್ಪಡಿಸುತ್ತಾರೆ. ಉಳಿದವನ್ನು ಅಕ್ರೋಟಿನ ಚಿಪ್ಪಿನ ಅಥವಾ ಮೆಕ್ಕೆಜೋಳದ ದಿಂಡಿನ ತರಿಯ ಜೊತೆ ವಿದ್ಯುತ್ತಿನಿಂದ ಅದುರುವ ಬೋಗುಣಿಯಲ್ಲಿ ಹಾಕಿ ಹೊಳಪು ಬರುವವರೆಗೆ ತಿಕ್ಕಿಸುತ್ತಾರೆ. ಬಳಿಕ ಕೈಹಿಡಿಯಿಂದ ನಡೆಯುವ ಪ್ರೆಸ್ಸಿನಲ್ಲಿ ಕವಚವನ್ನು ಒತ್ತಿ ಅಳತೆಗೆ ತರುವುದು, ಹಳೆಯ ಪ್ರೈಮರನ್ನು ತೆಗೆಯುವುದು, ಹೊಸದನ್ನು ಕೂಡಿಸುವುದು ನಡೆಯುತ್ತದೆ. ಮುಂದೆ, ಪ್ರಕಟಿತ ಕೈಪಿಡಿಯಲ್ಲಿ ಹೇಳಿದಷ್ಟೇ ಮದ್ದನ್ನು ತೂಗಿ ಕವಚಕ್ಕೆ ಸುರಿದು, ಗುಂಡನ್ನು ಇಟ್ಟು ಬಿಗಿಗೊಳಿಸುತ್ತಾರೆ.

ಹಲವರು ಕವಚಗಳನ್ನು ಸಾಲು ಸಾಲು ಗುಳಿಗಳಿರುವ ಹಲಗೆಯಲ್ಲಿ ನಿಲ್ಲಿಸಿಕೊಂಡು ಒಂದಾದ ಮೇಲೊಂದಕ್ಕೆ ಮದ್ದು ತುಂಬುತ್ತಾರೆ. ಸಾಮಾನ್ಯವಾಗಿ ಇಂಥ ಹಲಗೆಯಲ್ಲಿ 50 ಕವಚಗಳು ನಿಲ್ಲುತ್ತವೆ. ಗುಂಡು ಕೂಡಿಸುವವರೆಗೆ ಅವೆಲ್ಲವೂ ಬಾಯ್ತೆರೆದ ಸ್ಥಿತಿಯಲ್ಲಿ ಇರುತ್ತವೆ. ಇಡೀ ಕೆಲಸದಲ್ಲಿ ಅಡ್ಡಿಯನ್ನು ಸ್ವಲ್ಪವೂ ತಾಳಿಕೊಳ್ಳಲಾರದ ಹಂತ ಇದೇ ಆಗಿದೆ.

ಬೆಕ್ಕು ಮೇಜಿಗೆ ಬರುವ ಕಾರಣಗಳು

ಬೆಕ್ಕು ಮೇಜನ್ನು ಏರುವುದು ಹಟದಿಂದಲ್ಲ, ಸ್ವಭಾವದಿಂದ. ಬೆಕ್ಕಿನ ವಂಶದ ಪ್ರಾಣಿಗಳು ಎತ್ತರದ ತಾಣವನ್ನು ಇಷ್ಟಪಡುತ್ತವೆ. ಅಲ್ಲಿಂದ ಸುತ್ತಲಿನ ಚಲನವಲನ ಕಾಣುತ್ತದೆ. ಮೇಜಿನ ಮೇಲಿನ ದೀಪದ ಬೆಳಕೂ ಬಿಸುಪೂ ಅದನ್ನು ಕರೆಯುತ್ತವೆ. ಮನೆಯ ಯಜಮಾನ ಒಂದೇ ಕಡೆ ಗಂಟೆಗಟ್ಟಲೆ ಕುಳಿತಿದ್ದರೆ ಅವನ ಬಳಿ ಹೋಗುವುದು ಸಾಕುಬೆಕ್ಕಿಗೆ ಸಹಜವಾದದ್ದು.

ಚಿಕ್ಕದಾಗಿ, ಹೊಳೆಯುತ್ತಾ, ಉರುಳುತ್ತಾ, ಸಣ್ಣ ಸದ್ದು ಮಾಡುವ ವಸ್ತು ಬೆಕ್ಕಿನ ಕಣ್ಣಿಗೆ ಬೇಟೆಯಂತೆ ತೋರುತ್ತದೆ. ಮಾನವನ ಕಿವಿಗೆ ಸುಮಾರು 20 ಕಿಲೋಹರ್ಟ್ಸ್‌ವರೆಗಿನ ಧ್ವನಿ ಕೇಳಿಸಿದರೆ, ಬೆಕ್ಕಿಗೆ ಸುಮಾರು 85 ಕಿಲೋಹರ್ಟ್ಸ್‌ವರೆಗೂ ಕೇಳಿಸುತ್ತದೆ. ಹಿತ್ತಾಳೆ ಕವಚಗಳು ಒಂದಕ್ಕೊಂದು ತಾಗುವ ಕಿಣಿಕಿಣಿ ನಾದ ಅದಕ್ಕೆ ದೂರದಿಂದಲೇ ತಿಳಿಯುತ್ತದೆ. ಮೂಗಿನ ತೀರ ಹತ್ತಿರದ ವಸ್ತುಗಳು ಬೆಕ್ಕಿಗೆ ಸ್ಪಷ್ಟವಾಗಿ ಕಾಣುವುದಿಲ್ಲ. ಆದುದರಿಂದ ಅದು ಮೀಸೆ ಮತ್ತು ಮುಂಗಾಲುಗಳಿಂದ ವಸ್ತುವನ್ನು ತಡವಿ ನೋಡುತ್ತದೆ. ನೆಟ್ಟಗೆ ನಿಲ್ಲಿಸಿದ ಕವಚ ಅಂಥ ಒಂದು ತಟ್ಟುವಿಕೆಗೆ ಉರುಳಿಬೀಳುತ್ತದೆ. ಉರುಳಿದ ವಸ್ತು ಇನ್ನಷ್ಟು ಕುತೂಹಲವನ್ನು ಹುಟ್ಟಿಸುತ್ತದೆ.

ಹಸ್ತಕ್ಷೇಪದ ಬಗೆಗಳು

ಶುಚಿಗೊಳಿಸುವ ತರಿ: ಅಕ್ರೋಟಿನ ಚಿಪ್ಪು ಮತ್ತು ಮೆಕ್ಕೆಜೋಳದ ದಿಂಡಿನ ತರಿಯನ್ನು ಅಮೆರಿಕದಲ್ಲಿ ಬೆಕ್ಕಿನ ಶೌಚತಟ್ಟೆಗೆ ಹಾಕುವ ಸಾಮಗ್ರಿಯಾಗಿಯೂ ಮಾರುತ್ತಾರೆ. ಆದಕಾರಣ ತೆರೆದಿಟ್ಟ ತರಿಯ ಪಾತ್ರೆಯನ್ನು ಬೆಕ್ಕು ತನ್ನ ಶೌಚಸ್ಥಳವೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಇದು ನಗೆಯ ಸಂಗತಿಯಂತೆ ಕಂಡರೂ, ಬಳಸಿದ ತರಿಯಲ್ಲಿ ಹಳೆಯ ಪ್ರೈಮರಿನ ಸೀಸದ ಶೇಷ ಸೇರಿರುವುದರಿಂದ ಬೆಕ್ಕಿನ ಪಾದಗಳಿಗೆ ವಿಷದ ಧೂಳು ಅಂಟುತ್ತದೆ.

ಪ್ರೈಮರ್: ಪ್ರೈಮರಿನ ವ್ಯಾಸ ಚಿಕ್ಕ ಅಳತೆಯಲ್ಲಿ 4.45 ಮಿ.ಮೀ., ದೊಡ್ಡ ಅಳತೆಯಲ್ಲಿ 5.33 ಮಿ.ಮೀ. ಮಾತ್ರ. ತಟ್ಟೆಯಲ್ಲಿ ಹರಡಿದ ಪ್ರೈಮರುಗಳನ್ನು ಬೆಕ್ಕು ಚದುರಿಸಿದರೆ ಅವು ಮೇಜಿನ ಸಂದಿಗೂ ನೆಲಹಾಸಿನ ಎಳೆಗಳ ನಡುವಿಗೂ ಸೇರುತ್ತವೆ. ಮೇಜಿನಿಂದ ನೆಲಕ್ಕೆ ಬಿದ್ದ ಮಾತ್ರಕ್ಕೆ ಪ್ರೈಮರ್ ಸಾಮಾನ್ಯವಾಗಿ ಸಿಡಿಯುವುದಿಲ್ಲ. ಆದರೆ ಅದನ್ನು ಮರೆತು, ಮುಂದೆ ವ್ಯಾಕ್ಯೂಮ್ ಕ್ಲೀನರಿನಿಂದ ನೆಲ ಗುಡಿಸಿದರೆ ಯಂತ್ರದೊಳಗಿನ ಬಡಿತಕ್ಕೆ ಅದು ಸಿಡಿಯಬಹುದು. ಅಲ್ಲಿ ಚೆಲ್ಲಿದ ಮದ್ದು ಅಥವಾ ಧೂಳು ಇದ್ದರೆ ಅದಕ್ಕೂ ಬೆಂಕಿ ತಗುಲಬಹುದು. ಬೆಕ್ಕು ಚದುರಿಸಿದ ಪ್ರೈಮರುಗಳನ್ನು ಎಣಿಸಿ ಕೈಯಿಂದಲೇ ಆಯ್ದುಕೊಳ್ಳಬೇಕೆಂಬ ನಿಯಮಕ್ಕೆ ಇದೇ ಕಾರಣ.

ತಕ್ಕಡಿ: ಮದ್ದನ್ನು ಗ್ರೇನ್ ಎಂಬ ಮಾನದಲ್ಲಿ ತೂಗುತ್ತಾರೆ. ಒಂದು ಗ್ರೇನ್ ಎಂದರೆ ಸುಮಾರು 64.8 ಮಿಲಿಗ್ರಾಂ, 7000 ಗ್ರೇನ್ ಸೇರಿದರೆ ಒಂದು ಪೌಂಡ್. ಮರುತುಂಬಿಕೆಯ ತಕ್ಕಡಿ ಗ್ರೇನಿನ ಹತ್ತನೆಯ ಒಂದು ಭಾಗವನ್ನೂ, ಅಂದರೆ ಸುಮಾರು 6.5 ಮಿಲಿಗ್ರಾಮನ್ನೂ ತೋರಿಸುತ್ತದೆ. ಇಷ್ಟು ಸೂಕ್ಷ್ಮವಾದ ಉಪಕರಣದ ಪಕ್ಕದಲ್ಲಿ ಬೆಕ್ಕು ಬಾಲ ಬೀಸಿದರೂ ಗಾಳಿಯ ಅಲೆಗೆ ತೂಕದ ಅಂಕಿ ಅಲುಗಾಡುತ್ತದೆ. ಬೆಕ್ಕಿನ ಒಂದು ಕೂದಲಿನ ತೂಕ ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಆದರೆ ಆ ಕೂದಲು ತಟ್ಟೆಗೂ ತಕ್ಕಡಿಯ ಮೈಗೂ ನಡುವೆ ಸಿಕ್ಕಿಕೊಂಡರೆ ತಟ್ಟೆಯ ಚಲನೆಗೆ ತಡೆಯಾಗಿ ತೂಕ ತಪ್ಪಾಗಬಹುದು. ತಪ್ಪು ಕಣ್ಣಿಗೆ ಕಾಣುವುದಿಲ್ಲ ಎಂಬುದೇ ಇಲ್ಲಿನ ತೊಡಕು.

ಮದ್ದು ತುಂಬಿದ ಹಲಗೆ: ಬೆಕ್ಕು ಹಲಗೆಯನ್ನು ತಾಗಿದಾಗ ಕೆಲವು ಕವಚಗಳಿಂದ ಮದ್ದು ಚೆಲ್ಲಿ ಪಕ್ಕದ ಕವಚಗಳಿಗೆ ಬೀಳಬಹುದು. ಹಲಗೆ ಉರುಳದಿದ್ದರೂ, ಬೆಕ್ಕನ್ನು ಕೆಳಗಿಳಿಸಿ ಮರಳಿ ಕುಳಿತವನಿಗೆ ತಾನು ಯಾವ ಕವಚದವರೆಗೆ ತುಂಬಿದ್ದೆನೆಂಬುದು ಮರೆತುಹೋಗಿರಬಹುದು.

ಪ್ರೆಸ್: ಪ್ರೆಸ್ಸಿನ ಕಂಬ ಮೇಲಕ್ಕೂ ಕೆಳಕ್ಕೂ ಆಡುವುದನ್ನು ಬೆಕ್ಕು ಗಮನಿಸಿ ಪಂಜ ಚಾಚುವುದುಂಟು. ಕೈಹಿಡಿಯ ಬಲ ಸನ್ನೆಕೋಲಿನಿಂದ ಅನೇಕಪಟ್ಟು ಹೆಚ್ಚುವುದರಿಂದ ನಡುವೆ ಸಿಕ್ಕ ಪಂಜ ಜಜ್ಜಿಹೋಗುತ್ತದೆ.

ಕಾಡತೂಸಿನ ಮೇಲೆ ಪರಿಣಾಮ

ಗಮನ ತಪ್ಪಿದಾಗ ಎರಡು ಬಗೆಯ ದೋಷಗಳು ಹುಟ್ಟುತ್ತವೆ. ಒಂದು, ಅದೇ ಕವಚಕ್ಕೆ ಎರಡು ಬಾರಿ ಮದ್ದು ಬೀಳುವುದು. ಕೈಕೋವಿಗಳಲ್ಲಿ ಬಳಸುವ, ಬೇಗ ಉರಿಯುವ ಕೆಲವು ಮದ್ದುಗಳು ಕವಚದ ಅರ್ಧದಷ್ಟು ಜಾಗವನ್ನೂ ತುಂಬುವುದಿಲ್ಲ. ಆದುದರಿಂದ ಎರಡರಷ್ಟು ಮದ್ದು ಬಿದ್ದರೂ ಹೊರಗೆ ಚೆಲ್ಲದೆ ಒಳಗೇ ಅಡಗಿರುತ್ತದೆ. ಇಂಥ ಕಾಡತೂಸನ್ನು ಹಾರಿಸಿದರೆ ಒತ್ತಡ ಮಿತಿಮೀರಿ ಕೋವಿಯೇ ಒಡೆಯಬಹುದು.

ಇನ್ನೊಂದು, ಕವಚಕ್ಕೆ ಮದ್ದೇ ಬೀಳದಿರುವುದು. ಆಗ ಪ್ರೈಮರಿನ ಬಲವೊಂದೇ ಗುಂಡನ್ನು ನಳಿಗೆಯ ನಡುವಿನವರೆಗೆ ತಳ್ಳಿ ಅಲ್ಲಿ ನಿಲ್ಲಿಸುತ್ತದೆ. ಸದ್ದು ಕ್ಷೀಣವಾಗಿದ್ದುದನ್ನು ಗಮನಿಸದೆ ಮುಂದಿನ ಗುಂಡನ್ನು ಹಾರಿಸಿದರೆ ಅದು ಸಿಕ್ಕಿಕೊಂಡ ಗುಂಡಿಗೆ ಬಡಿದು ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ. ಎರಡೂ ಸಂದರ್ಭಗಳಲ್ಲಿ ಪೆಟ್ಟು ತಗಲುವುದು ಕೋವಿ ಹಿಡಿದವನ ಕೈಗೆ ಮತ್ತು ಕಣ್ಣಿಗೆ, ಕೆಲವೊಮ್ಮೆ ಪಕ್ಕದಲ್ಲಿ ನಿಂತವರಿಗೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯಲ್ಲಿ ಇಲಿಯ ಸ್ಥಾನ ಇಲ್ಲಿ ಗುರಿಕಾರನದು.

ಗುಂಡು ಕೂಡಿಸಿದ ಮೇಲೆ ಈ ದೋಷವನ್ನು ಪತ್ತೆ ಮಾಡುವುದು ಕಷ್ಟ. ಸಿದ್ಧವಾದ ಕಾಡತೂಸುಗಳನ್ನು ತೂಗಿ ನೋಡುವ ಕ್ರಮ ನಂಬಲರ್ಹವಲ್ಲ. ಕವಚಗಳ ಮತ್ತು ಗುಂಡುಗಳ ತೂಕದಲ್ಲಿಯೇ ಇರುವ ಸಹಜ ವ್ಯತ್ಯಾಸವು ಅಲ್ಪ ಪ್ರಮಾಣದ ಮದ್ದಿನ ತೂಕವನ್ನು ಮರೆಮಾಚಬಲ್ಲದು. ಹೀಗಾಗಿ ಅಡ್ಡಿಯುಂಟಾದ ಕ್ಷಣದಲ್ಲಿಯೇ ನಿಂತು ಸರಿಪಡಿಸುವುದು ಅನಿವಾರ್ಯ. ಹಲಗೆಯ ಎಲ್ಲ ಕವಚಗಳ ಮದ್ದನ್ನೂ ಹೊರಗೆ ಸುರಿದು ಮೊದಲಿನಿಂದ ತುಂಬಬೇಕು. ಮೇಜಿನ ಮೇಲೆ ಚೆಲ್ಲಿ ಕೂದಲು, ಧೂಳು ಅಥವಾ ಬೇರೆ ಮದ್ದಿನೊಡನೆ ಬೆರೆತ ಮದ್ದನ್ನು ಡಬ್ಬಿಗೆ ಮರಳಿಸಬಾರದು. ಅನುಮಾನವಿರುವ ಕಾಡತೂಸನ್ನು ಹಾರಿಸಿ ಪರೀಕ್ಷಿಸದೆ, ಅದಕ್ಕೆಂದೇ ಇರುವ ಉಪಕರಣದಿಂದ ಬಿಚ್ಚಬೇಕು.

ಬೆಕ್ಕಿನ ಆರೋಗ್ಯದ ಮೇಲೆ ಪರಿಣಾಮ

ಬಹುಪಾಲು ಪ್ರೈಮರುಗಳಲ್ಲಿ ಲೆಡ್ ಸ್ಟಿಫ್ನೇಟ್ ಎಂಬ ಸೀಸದ ಸಂಯುಕ್ತ ಇರುತ್ತದೆ. ಹಾರಿಸಿದ ಕವಚದ ಒಳಮೈಯಲ್ಲಿ ಅದರ ಶೇಷ ಉಳಿದು, ಶುಚಿಗೊಳಿಸುವಾಗ ತರಿಗೂ ಗಾಳಿಗೂ ಸೇರುತ್ತದೆ. ಸೀಸವನ್ನು ಕರಗಿಸಿ ಮನೆಯಲ್ಲಿಯೇ ಗುಂಡು ಎರೆಯುವವರ ಕೋಣೆಯಲ್ಲಿ ಇದರ ಪ್ರಮಾಣ ಇನ್ನೂ ಹೆಚ್ಚು.

ಬೆಕ್ಕು ತನ್ನ ಮೈಯನ್ನು ನೆಕ್ಕಿ ಶುಚಿ ಮಾಡಿಕೊಳ್ಳುವ ಪ್ರಾಣಿ. ಅದರ ನಾಲಿಗೆಯ ಮೇಲಿನ ಮುಳ್ಳಿನಂಥ ರಚನೆಗಳು ತುಪ್ಪಳದ ಧೂಳನ್ನು ಬಾಚಿ ತೆಗೆಯುತ್ತವೆ. ಹಾಗೆ ತೆಗೆದದ್ದು ಹೊಟ್ಟೆಗೆ ಹೋಗುತ್ತದೆ. ಸೀಸದ ವಿಷಬಾಧೆಗೆ ಒಳಗಾದ ಬೆಕ್ಕು ಆಹಾರ ಬಿಡುವುದು, ವಾಂತಿ ಮಾಡುವುದು, ಸೊರಗುವುದು, ಕೆಲವೊಮ್ಮೆ ಸೆಳವಿಗೆ ಒಳಗಾಗುವುದು ಕಂಡುಬರುತ್ತದೆ. ಈ ಲಕ್ಷಣಗಳು ಬೇರೆ ರೋಗಗಳಲ್ಲಿಯೂ ಇರುವುದರಿಂದ, ಮನೆಯಲ್ಲಿ ಮರುತುಂಬಿಕೆ ನಡೆಯುತ್ತದೆ ಎಂಬುದನ್ನು ಪಶುವೈದ್ಯರಿಗೆ ತಿಳಿಸುವುದು ಮುಖ್ಯ. ರಕ್ತಪರೀಕ್ಷೆಯಿಂದ ಸೀಸದ ಪ್ರಮಾಣ ತಿಳಿಯುತ್ತದೆ; ಸೀಸವನ್ನು ದೇಹದಿಂದ ಹೊರಹಾಕಿಸುವ ಔಷಧಗಳೂ ಇವೆ.

ಸೀಸದ ಧೂಳು ಹೊತ್ತ ಬೆಕ್ಕು ಹಾಸಿಗೆ, ಅಡುಗೆಮನೆ, ಮಕ್ಕಳ ಮಡಿಲು ಎಲ್ಲೆಡೆಯೂ ಓಡಾಡುತ್ತದೆ. ಬೆಳೆಯುವ ಮಕ್ಕಳ ಮಿದುಳಿಗೆ ಸೀಸ ವಿಶೇಷವಾಗಿ ಹಾನಿಕರ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 2021ರಲ್ಲಿ ಮಕ್ಕಳ ರಕ್ತದಲ್ಲಿನ ಸೀಸದ ಸೂಚಕ ಮಟ್ಟವನ್ನು ಪ್ರತಿ ಡೆಸಿಲೀಟರಿಗೆ 5ರಿಂದ 3.5 ಮೈಕ್ರೋಗ್ರಾಮಿಗೆ ಇಳಿಸಿತು. ಆದಕಾರಣ ಬೆಕ್ಕನ್ನು ಈ ಕೋಣೆಯಿಂದ ದೂರವಿಡುವುದು ಬೆಕ್ಕಿಗಾಗಿ ಮಾತ್ರವಲ್ಲ, ಮನೆಯ ಮಕ್ಕಳಿಗಾಗಿಯೂ ಅಗತ್ಯ.

ಇವಲ್ಲದೆ ಇತರ ತೊಂದರೆಗಳೂ ಇವೆ. ನೀರಿನಲ್ಲಿ ಕವಚ ತೊಳೆಯುವಾಗ ಬಳಸುವ ಸಣ್ಣ ಉಕ್ಕಿನ ಕಡ್ಡಿಗಳನ್ನು ಬೆಕ್ಕು ನುಂಗಬಹುದು. ನಳಿಗೆ ಒರೆಸುವ ದಾರ ಅಥವಾ ಬಟ್ಟೆಯ ಪಟ್ಟಿಯನ್ನು ನುಂಗಿದರೆ ಅದು ಕರುಳಿನ ಉದ್ದಕ್ಕೂ ಎಳೆದುಕೊಂಡು ಶಸ್ತ್ರಚಿಕಿತ್ಸೆ ಬೇಕಾಗುವ ಸ್ಥಿತಿ ಒದಗಬಹುದು. ಮೇಜಿನ ಮೇಲಿನ ಎಣ್ಣೆ, ದ್ರಾವಕ, ಮದ್ದು ಯಾವುದೂ ಬೆಕ್ಕು ನೆಕ್ಕತಕ್ಕ ವಸ್ತುವಲ್ಲ.

ಸ್ಥಿರ ವಿದ್ಯುತ್

ಎಬೊನೈಟ್ ದಂಡವನ್ನು ಬೆಕ್ಕಿನ ತುಪ್ಪಳಕ್ಕೆ ಉಜ್ಜಿ ಸ್ಥಿರ ವಿದ್ಯುತ್ತನ್ನು ತೋರಿಸುವ ಪ್ರಯೋಗ ಭೌತಶಾಸ್ತ್ರದ ತರಗತಿಗಳಲ್ಲಿ ಹಳೆಯದು. ತಂಪು ದೇಶಗಳ ಚಳಿಗಾಲದಲ್ಲಿ ಬಿಸಿ ಮಾಡಿದ ಮನೆಯ ಒಣಗಾಳಿಯಲ್ಲಿ ಬೆಕ್ಕನ್ನು ನೇವರಿಸಿದರೆ ಕಿಡಿ ಚಟಗುಟ್ಟುವುದೂ ಉಂಟು. ಮದ್ದಿನ ಕಾಳುಗಳಿಗೆ ಗ್ರಾಫೈಟ್ ಲೇಪಿಸಿರುತ್ತಾರೆ. ಗ್ರಾಫೈಟ್ ವಿದ್ಯುತ್ತನ್ನು ಹರಿಯಗೊಡುವುದರಿಂದ ಕಾಳುಗಳಲ್ಲಿ ಆವೇಶ ಶೇಖರವಾಗುವುದು ಕಡಿಮೆಯಾಗುತ್ತದೆ. ಆದರೂ ತೆರೆದ ಪ್ರೈಮರ್ ಮತ್ತು ಮದ್ದಿನ ಬಳಿ ಸ್ಥಿರ ವಿದ್ಯುತ್ತಿಗೆ ಅವಕಾಶ ಕೊಡಬಾರದೆಂಬುದು ಈ ಕೆಲಸದ ಸಾಮಾನ್ಯ ನಿಯಮ. ಅದರಂತೆ ಮಡಿಲಲ್ಲಿ ಬೆಕ್ಕನ್ನು ಕೂರಿಸಿಕೊಂಡು ಕೆಲಸ ಮಾಡುವುದು ಸಲ್ಲದು.

ಮುನ್ನೆಚ್ಚರಿಕೆಗಳು

ಎಲ್ಲಕ್ಕಿಂತ ಸರಳವಾದ ಉಪಾಯ ಮುಚ್ಚಿದ ಬಾಗಿಲು. ಕೆಲಸ ಆರಂಭಿಸುವ ಮೊದಲು ಬೆಕ್ಕು ಕೋಣೆಯ ಒಳಗೆ ಅವಿತಿಲ್ಲವೆಂದು ನೋಡಿಕೊಳ್ಳಬೇಕು. ಬಾಗಿಲಿಲ್ಲದ ನೆಲಮಾಳಿಗೆಯಲ್ಲಿ, ಬೆಕ್ಕು ಉಂಡು ಮಲಗುವ ಹೊತ್ತನ್ನು ಕೆಲಸಕ್ಕೆ ಆರಿಸಿಕೊಳ್ಳಬಹುದು, ಅಥವಾ ದೂರದಲ್ಲಿ ಎತ್ತರವಾದ ಬೆಚ್ಚಗಿನ ತಾಣವೊಂದನ್ನು ಅದಕ್ಕಾಗಿ ಒದಗಿಸಬಹುದು. ಗದರುವುದರಿಂದ ಪ್ರಯೋಜನ ಕಡಿಮೆ. ಗದರಿದಾಗ ಬೆಕ್ಕು ಬೆದರಿ ಹಾರುವುದರಿಂದಲೇ ಸಾಮಗ್ರಿಗಳು ಉರುಳುತ್ತವೆ.

ಒಂದು ಸಮಯದಲ್ಲಿ ಮೇಜಿನ ಮೇಲೆ ಒಂದೇ ಬಗೆಯ ಮದ್ದಿನ ಡಬ್ಬಿ ಇರಬೇಕು. ಪ್ರೈಮರುಗಳನ್ನು ಬೇಕಾದಷ್ಟೇ ಹೊರತೆಗೆದು, ಉಳಿದವನ್ನು ತಯಾರಕರ ಮೂಲ ಪೊಟ್ಟಣದಲ್ಲಿಯೇ ಇಡಬೇಕು. ಪೊಟ್ಟಣವು ಒಂದೊಂದು ಪ್ರೈಮರನ್ನೂ ಬೇರೆಬೇರೆಯಾಗಿ ಹಿಡಿದಿಡುತ್ತದೆ. ಅವನ್ನು ಒಂದೇ ಶೀಶೆಗೆ ಸುರಿದಿಟ್ಟರೆ ಒಂದು ಸಿಡಿದಾಗ ಎಲ್ಲವೂ ಒಟ್ಟಿಗೆ ಸಿಡಿಯಬಹುದು. ಗುಂಡು ಕೂಡಿಸುವ ಮೊದಲು ಹಲಗೆಯ ಎಲ್ಲ ಕವಚಗಳೊಳಗೂ ಟಾರ್ಚಿನ ಬೆಳಕು ಹಾಯಿಸಿ ಮದ್ದಿನ ಮಟ್ಟ ಸಮನಾಗಿದೆಯೇ ಎಂದು ನೋಡಬೇಕು. ನಡುವೆ ಏಳಲೇಬೇಕಾದರೆ ಹಲಗೆಯನ್ನು ಮುಚ್ಚಿ, ಎಲ್ಲಿ ನಿಲ್ಲಿಸಿದೆನೆಂದು ಬರೆದಿಟ್ಟು ಏಳಬೇಕು. ಕೆಲಸ ಮುಗಿದ ಮೇಲೆ ಮೇಜನ್ನು ಒದ್ದೆಬಟ್ಟೆಯಿಂದ ಒರೆಸಿ, ಕೈ ತೊಳೆದ ಬಳಿಕವೇ ಬೆಕ್ಕನ್ನು ಮುಟ್ಟಬೇಕು.

ಅಮೆರಿಕದ ಅಗ್ನಿಸುರಕ್ಷಾ ಸಂಹಿತೆಯಾದ ಎನ್‌ಎಫ್‌ಪಿಎ 495ರ ಪ್ರಕಾರ ಮನೆಯಲ್ಲಿ ಮೂಲ ಡಬ್ಬಿಗಳಲ್ಲಿ 20 ಪೌಂಡ್‌ವರೆಗೆ ಹೊಗೆರಹಿತ ಮದ್ದನ್ನೂ, 10,000 ಪ್ರೈಮರುಗಳನ್ನೂ ಇಡಬಹುದು. ಮದ್ದು 20ರಿಂದ 50 ಪೌಂಡ್‌ವರೆಗೆ ಇದ್ದರೆ ಅದನ್ನು ಸುಮಾರು ಒಂದು ಅಂಗುಲ ದಪ್ಪದ ಹಲಗೆಯ ಮರದ ಪೆಟ್ಟಿಗೆಯಲ್ಲಿ ಇಡಬೇಕು. ತೆರೆದ ಜಾಗದಲ್ಲಿ ಹೊಗೆರಹಿತ ಮದ್ದು ಸಿಡಿಯುವುದಿಲ್ಲ, ರಭಸದಿಂದ ಉರಿಯುತ್ತದೆ. ಗಟ್ಟಿಯಾಗಿ ಮುಚ್ಚಿದ ಉಕ್ಕಿನ ಪೆಟ್ಟಿಗೆಯಲ್ಲಾದರೆ ಒತ್ತಡ ಹೊರಹೋಗಲು ದಾರಿಯಿಲ್ಲದೆ ಪೆಟ್ಟಿಗೆಯೇ ಬಾಂಬಿನಂತಾಗುತ್ತದೆ. ಮರದ ಪೆಟ್ಟಿಗೆಗೆ ಬಾಗಿಲು ಭದ್ರವಾಗಿದ್ದರೆ ಬೆಕ್ಕಿನಿಂದಲೂ ಮಕ್ಕಳಿಂದಲೂ ರಕ್ಷಣೆ ದೊರೆಯುತ್ತದೆ.

ಭಾರತದಲ್ಲಿ

ಭಾರತದಲ್ಲಿ ಈ ಕೆಲಸ ಅಮೆರಿಕದಲ್ಲಿರುವಂತೆ ಮುಕ್ತವಾದ ಮನೆಹವ್ಯಾಸವಲ್ಲ. 1959ರ ಆಯುಧ ಅಧಿನಿಯಮದಲ್ಲಿ ಮದ್ದುಗುಂಡು ಎಂಬ ಪದದ ವ್ಯಾಖ್ಯೆಯೊಳಗೆ ಅದರ ಬಿಡಿಭಾಗಗಳೂ, ಅದನ್ನು ತಯಾರಿಸುವ ಯಂತ್ರೋಪಕರಣಗಳೂ ಸೇರಿವೆ. ಮದ್ದುಗುಂಡಿನ ತಯಾರಿಕೆಗೆ ಇದೇ ಅಧಿನಿಯಮದ 5ನೆಯ ಸೆಕ್ಷನ್ನಿನ ಅಡಿಯಲ್ಲಿ ಪರವಾನಗಿ ಬೇಕು. ಕರ್ನಾಟಕದ ಕೊಡಗಿನಲ್ಲಿ ಕೊಡವರು ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಇಟ್ಟುಕೊಳ್ಳುವ ವಿಷಯದಲ್ಲಿ ವಿನಾಯಿತಿ ಇದೆ. ಅದನ್ನು ಮದ್ದುಗುಂಡು ತಯಾರಿಸಲು ದೊರೆತ ಅನುಮತಿಯೆಂದು ತಿಳಿಯಬಾರದು. ಆದರೆ ಕೋವಿ ಒರೆಸುವ ಎಣ್ಣೆಬಟ್ಟೆ, ದಾರ, ಸೀಸದ ಚರೆ ಇವುಗಳನ್ನು ಬೆಕ್ಕಿಗೂ ಮಕ್ಕಳಿಗೂ ಎಟುಕದಂತೆ ಇಡಬೇಕೆಂಬ ಎಚ್ಚರ ಕೋವಿ ಇರುವ ಯಾವ ಮನೆಗಾದರೂ ಅನ್ವಯಿಸುತ್ತದೆ.